ಮೂರನೆಯ ಕಾಫಿ

ಲಿಪೊವಾರಿನ ತನ್ನ ಮನೆಗೆ ಮರಳಿ ಬಂದ ಮೇಲೆ ಶೆಫಿಕಾ ಏಳು ತಿಂಗಳು ಬೂಟು ಬಿಚ್ಚದೆ ಮಲಗಿದಳು. ಅರವತ್ತೊಂದರ ಹೆಂಗಸು, ಮೊಣಕಾಲು ನೋವಿನವಳು, ಓಡುವುದಾದರೂ ಎಲ್ಲಿಗೆ ಓಡುತ್ತಿದ್ದಳೋ ದೇವರೇ ಬಲ್ಲ. ಆದರೆ ತೊಂಬತ್ತೆರಡರ ಜೂನಿನಲ್ಲಿ, ಸರ್ಬರು ಊರಿನ ಮುಸ್ಲಿಮರನ್ನೆಲ್ಲ ಓಡಿಸಿದಾಗ, ಬರಿಗಾಲಲ್ಲಿ ಲಾರಿ ಹತ್ತಿದವಳು ಅವಳು. ಇನ್ನೊಮ್ಮೆ ಹತ್ತುವ ಹಣೆಬರಹವಿದ್ದರೆ ಕಾಲಿಗೆ ಬೂಟಾದರೂ ಇರಲಿ ಎಂದುಕೊಂಡಿದ್ದಳು. ಇದನ್ನು ಕೇಳಿ ನಗುವವರು ನಗಲಿ. ಆ ಜೂನಿನಲ್ಲಿ ನಮ್ಮ ಬೋಸ್ನಿಯಾದಲ್ಲಿ ಇದ್ದವರು ಯಾರೂ ನಗುವುದಿಲ್ಲ.

ಅವಳ ಗಂಡ ರಾಗಿಬ್ ಊರಿನ ನೀರಿನ ಪಂಪ್‌ಹೌಸಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವನು. ಮೆಷಿನ್ನು ಕೆಮ್ಮಿದರೆ ಮನೆಯಲ್ಲಿ ಕೂತೇ ಗುರುತು ಹಿಡಿಯುತ್ತಿದ್ದ. ಯುದ್ಧ ಶುರುವಾದ ಮೂರನೇ ತಿಂಗಳಲ್ಲಿ ಬಂದೂಕಿನವರು ಬಂದು, "ಒಂದು ಹೇಳಿಕೆ ಕೊಟ್ಟು ಬರೋಣ ಬಾ ಮೇಸ್ತ್ರಿ" ಎಂದು ಅವನನ್ನು ಕರೆದುಕೊಂಡು ಹೋದರು. ಅವನು ತಿಂಡಿಯ ತಟ್ಟೆ ಮುಚ್ಚಿಡು ಎಂದು ಹೇಳಿ ಹೋದ. ಅಷ್ಟೇ, ಆಮೇಲೆ ಅವನನ್ನು ಯಾರೂ ನೋಡಲಿಲ್ಲ, ನೋಡಿದವರು ಬಾಯಿ ಬಿಡಲಿಲ್ಲ. ಶೆಫಿಕಾ ತೂಜ್ಲಾ ಪಟ್ಟಣದ ಹತ್ತಿರ, ನಿರಾಶ್ರಿತರನ್ನು ಇಟ್ಟಿದ್ದ ಒಂದು ಶಾಲೆಯ ಆಟದ ಹಾಲಿನಲ್ಲಿ, ಕಂಬಳಿ ಕಟ್ಟಿ ಮಾಡಿದ ಗೋಡೆಯ ಹಿಂದೆ ಏಳು ವರ್ಷ ಕಳೆದಳು. ಯುದ್ಧ ನಿಂತಿತು, ಒಪ್ಪಂದಕ್ಕೆ ಸಹಿಗಳು ಬಿದ್ದವು. ಅವಳು ಕಚೇರಿಯಿಂದ ಕಚೇರಿಗೆ ಅಲೆದು ಒಂದೇ ಪ್ರಶ್ನೆ ಕೇಳಿದಳು: ನನ್ನ ಗಂಡನನ್ನು ಎಲ್ಲಿ ಹೂತಿದ್ದಾರೆ?

ಯಾವ ಕಚೇರಿಯ ಕಪಾಟಿನಲ್ಲೂ ಆ ಉತ್ತರ ಇರಲಿಲ್ಲ. ಅದು ಇದ್ದದ್ದು ಲಿಪೊವಾರಿನ ಜನರ ಹೊಟ್ಟೆಯಲ್ಲಿ, ಅವಳ ಅಕ್ಕಪಕ್ಕದ ಸರ್ಬರ ಹೊಟ್ಟೆಯಲ್ಲಿ. ಅವರು ತೂಜ್ಲಾಕ್ಕೆ ಬಂದು ಹೇಳುವವರಲ್ಲ. ಹಾಗಾದರೆ ನಾನೇ ಹೋಗಿ ಅವರ ನಡುವೆ ಕೂರುತ್ತೇನೆ, ಒಂದಲ್ಲ ಒಂದು ದಿನ ಯಾರಾದರೂ ಹೇಳಿಯಾರು ಎಂದಳು. ಆಸ್ಟ್ರಿಯಾದಲ್ಲಿದ್ದ ಮಗಳು ಫೋನಿನಲ್ಲಿ, "ನಿಂಗೆ ತಲೆ ಕೆಟ್ಟಿದೆಯಾ ಅಮ್ಮ, ಅಪ್ಪನ ಜೊತೆ ನಿನ್ನನ್ನೂ ಹುಡುಕಬೇಕಾ ನಾನು" ಎಂದು ಅತ್ತಳು. ಇವಳು ಫೋನಿಟ್ಟಳು.

ಇನ್ನು ಊರಿನ ಕಥೆ. ಯುದ್ಧ ಮುಗಿದ ಮೇಲೆ ಹೊರದೇಶದವರು ಕೈಬಿಚ್ಚಿ ನೆರವು ಕೊಟ್ಟರು, ಆದರೆ ಒಂದು ಷರತ್ತು ಹಾಕಿ: ಊರಿನಿಂದ ಓಡಿಸಿದ ಮುಸ್ಲಿಮರನ್ನು ಮರಳಿ ಬರಲು ಬಿಡಬೇಕು. ನಮ್ಮ ಮೇಯರು ಮೇಜು ಕುಟ್ಟಿ, ಒಬ್ಬನನ್ನೂ ಬಿಡುವುದಿಲ್ಲ ಎಂದ. ಸರಿ, ಲಿಪೊವಾರಿನ ಹೆಸರು ಕಪ್ಪು ಪಟ್ಟಿಗೆ ಹೋಯಿತು. ಪಕ್ಕದ ಊರಿಗೆ ಸೇತುವೆ ಬಂತು, ಶಾಲೆಗೆ ಕಿಟಕಿ ಬಂತು, ನಮಗೆ ಒಂದು ಮೊಳೆಯೂ ಬರಲಿಲ್ಲ. ಪಂಪ್‌ಹೌಸು ಯುದ್ಧದಲ್ಲೇ ಸುಟ್ಟುಹೋಗಿತ್ತು. ನಾಲ್ಕು ಚಳಿಗಾಲ ಇಡೀ ಊರು ಕ್ಯಾನು ಹಿಡಿದು, ಕೆಡವಿದ ಮಸೀದಿಯ ಹಿಂದಿನ ಒರತೆಯ ಮುಂದೆ ಸಾಲು ನಿಂತಿತು. ಆ ಸಾಲಿನಲ್ಲಿ ನಿಂತು ನಿಂತು ಮೇಯರನ ಹೆಂಡತಿಗೆ ಸೊಂಟನೋವು ಹಿಡಿದಾಗ ಅವನ ಮನಸ್ಸು ಕರಗಿತು ಎನ್ನುತ್ತಾರೆ. ಇರಬಹುದು, ದೇಶಭಕ್ತಿಯನ್ನು ಮನೆಯಾಕೆಯ ಮುಂದೆ ಎಷ್ಟು ದಿನ ತೋರಿಸಲಾದೀತು.

ಕೊನೆಗೆ ಒಪ್ಪಂದವಾಯಿತು. ಏಳು ಮುಸ್ಲಿಂ ಮನೆಯವರ ಹೆಸರು ಬರೆದರು. ಕಡಿಮೆಯೆಂದರೆ ಒಂದು ಮನೆಯಲ್ಲಾದರೂ ಜನ ಚಳಿಗಾಲ ಪೂರ್ತಿ ವಾಸ ಮಾಡಬೇಕು, ಅವರ ಕೂದಲು ಕೊಂಕಬಾರದು. ಹಾಗಾದರೆ ಮೇ ತಿಂಗಳಲ್ಲಿ ಹೊಸ ಪಂಪು. ಒಂದು ಕಲ್ಲು ಬಿದ್ದರೂ ಮತ್ತೆ ಕಪ್ಪು ಪಟ್ಟಿ. ಏಳು ಮನೆಯವರೂ ಹಗಲು ಬಂದರು, ಇಟ್ಟಿಗೆ ಆರಿಸಿದರು, ಹೊತ್ತು ಇಳಿಯುವ ಮೊದಲೇ ಆರು ಮನೆಯವರು ವ್ಯಾನು ಹತ್ತಿ ಹೋದರು. ಉಳಿದವಳು ಶೆಫಿಕಾ ಒಬ್ಬಳೇ. ಹೀಗೆ ಆರು ಸಾವಿರ ಜನರ ಪಂಪು ಒಬ್ಬ ವಿಧವೆಯ ಕೊರಳಿಗೆ ಬಂದು ಬಿತ್ತು.

ನೆರವಿನ ಕಚೇರಿಯ ಬಿರ್ಗಿಟ್ ಎಂಬ ಉದ್ದನೆಯ ಹೆಂಗಸು ದುಭಾಷಿ ಹುಡುಗಿಯ ಜೊತೆ ಬಂದು ಅವಳನ್ನು ನೋಡಿಕೊಂಡು ಹೋಗುತ್ತಿದ್ದಳು. ಒಂದು ಕೋಣೆಗೆ ಚಾವಣಿ ಹಾಕಿಸಿಕೊಟ್ಟಳು, ಒಲೆ ಕೊಟ್ಟಳು, ಮಂಚ ಕೊಟ್ಟಳು. ಒಳ್ಳೆಯವಳೇ. ಆದರೆ ಕೂತರೆ ಏಳುವವಳಲ್ಲ. ಒಂದು ದಿನ ಶೆಫಿಕಾ ಬೇಸತ್ತು ಮೂರನೆಯ ಕಾಫಿ ಕಾಯಿಸಿ ಅವಳ ಮುಂದಿಟ್ಟಳು. ನಮ್ಮಲ್ಲಿ ಮೊದಲನೆಯ ಕಾಫಿ ಬಂದವರನ್ನು ಬರಮಾಡಿಕೊಳ್ಳಲು, ಎರಡನೆಯದು ಮಾತಿಗೆ, ಮೂರನೆಯದು ಬಂತೆಂದರೆ ಎದ್ದು ಹೊರಡಬೇಕೆಂದು ಅರ್ಥ. ಬಾಯಿಬಿಟ್ಟು 'ಹೋಗಿ' ಎನ್ನುವ ಮರ್ಯಾದೆಗೆಟ್ಟ ಕೆಲಸ ಯಾರೂ ಮಾಡುವುದಿಲ್ಲ. ಮುಸ್ಲಿಮರ ಮನೆಯಾಗಲಿ ಸರ್ಬರ ಮನೆಯಾಗಲಿ, ಮೂರನೆಯದನ್ನು ಕಂಡೂ ಕೂತವರಿಲ್ಲ. ಯುದ್ಧ ಇಡೀ ಊರನ್ನು ತಲೆಕೆಳಗು ಮಾಡಿದರೂ ಇದೊಂದನ್ನು ಮುಟ್ಟಿರಲಿಲ್ಲ. ಬಿರ್ಗಿಟ್ ಮಾತ್ರ ಅದನ್ನು ಚಪ್ಪರಿಸಿ ಕುಡಿದು, "ಎಷ್ಟು ಚೆನ್ನಾಗಿದೆ, ಇನ್ನೊಂದು ಸಿಗಬಹುದಾ?" ಎಂದು ಕೇಳಿಸಿದಳು. ದುಭಾಷಿ ಹುಡುಗಿ ತುಟಿ ಕಚ್ಚಿಕೊಂಡು ನೆಲ ನೋಡಿದಳು. ಮರಳಿ ಬಂದ ಮೇಲೆ ಶೆಫಿಕಾ ನಕ್ಕದ್ದು ಅದೇ ಮೊದಲು.

ನಗು ಅಲ್ಲಿಗೇ ಮುಗಿಯಿತು. ನವೆಂಬರಿನಲ್ಲಿ ಅವಳು ನೀರಿಗೆ ಹೋದಾಗ ಸಾಲಿನಲ್ಲಿದ್ದವರು ತಾವಾಗಿಯೇ ಜಾಗ ಬಿಟ್ಟರು. "ಬನ್ನಿ ಬನ್ನಿ, ಮುಂದೆ ಬನ್ನಿ, ಹಿಮದಲ್ಲಿ ಕಾಲು ಜಾರೀತು" ಎಂದು ಒಬ್ಬ ದಪ್ಪ ಹೆಂಗಸು ಕ್ಯಾನನ್ನೂ ಎತ್ತಿಕೊಟ್ಟಳು. ಶೆಫಿಕಾ ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಮಾತು ಕೇಳಿಸಿತು.

"ಏನು ಉಪಚಾರ ಮಾಡ್ತೀಯೇ, ನಿಮ್ಮತ್ತೇನಾ ಅವಳು?"

"ಅತ್ತೆಗೆ ಯಾರು ಮಾಡ್ತಾರೆ. ಇದು ಪಂಪಿಗೆ ಮಾಡಿದ್ದು. ಅವಳಿಗೆ ನೆಗಡಿಯಾದ್ರೂ ಊರಿಗೆ ನೀರಿಲ್ಲ. ಹತ್ತಿಯಲ್ಲಿ ಸುತ್ತಿ ಇಡಬೇಕು, ಮೇ ತಿಂಗಳವರೆಗೆ."

"ಮೇ ಆದ ಮೇಲೆ?"

ಆಮೇಲೆ ಸಾಲಿನಲ್ಲಿ ನಗು. ದೊಡ್ಡ ನಗುವೇನಲ್ಲ, ಚಳಿಯಲ್ಲಿ ನಿಂತವರ ಸಣ್ಣ ನಗು. ಶೆಫಿಕಾ ಕ್ಯಾನಿನ ಕೈ ಬದಲಿಸಿ ಮುಂದೆ ನಡೆದಳು. ಪಂಪು ಬರುವವರೆಗೆ ತನ್ನನ್ನು ಯಾರೂ ಮುಟ್ಟುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬಂದ ಮಾರನೆಯ ದಿನ ಏನು ಎಂಬುದನ್ನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಅವತ್ತಿನಿಂದ ಅದೊಂದನ್ನೇ ಯೋಚಿಸಿದಳು. ಎಲ್ಲರೂ ಮೇ ಬರಲಿ ಎಂದು ಬೇಡಿಕೊಳ್ಳುವಾಗ ಅವಳು, ದೇವರೇ, ಈ ಮೇ ತಿಂಗಳನ್ನು ಸ್ವಲ್ಪ ತಡಮಾಡು ಎಂದು ಬೇಡಿಕೊಂಡಳು. ಮೇ ಬರುವುದರೊಳಗೆ ಯಾರಾದರೂ ರಾಗಿಬನ ಜಾಗ ಹೇಳಿಬಿಟ್ಟರೆ ಸಾಕು, ಎಲುಬುಗಳನ್ನು ಎತ್ತಿಕೊಂಡು ಹೊರಟುಬಿಡುತ್ತೇನೆ ಎಂದುಕೊಂಡಳು.

ಆದರೆ ಯಾರೂ ಹೇಳಲಿಲ್ಲ. ಬೇಕರಿಯವನು ಬಿಸಿ ಬ್ರೆಡ್ಡು ತೆಗೆದಿಟ್ಟು ಕೊಟ್ಟ, ಅಂಚೆಯವನು ಟೋಪಿ ಮುಟ್ಟಿ ನಮಸ್ಕಾರ ಹೇಳಿದ. ರಾಗಿಬನ ಹೆಸರೆತ್ತಿದ ಕೂಡಲೇ ಎಲ್ಲರಿಗೂ ಎಲ್ಲಿಲ್ಲದ ಅವಸರ. ಪಕ್ಕದ ಮನೆಯ ಸ್ತಾನಾ ಅಂತೂ ಮುಖವನ್ನೇ ತೋರಿಸಲಿಲ್ಲ. ಮೂವತ್ತು ವರ್ಷ ಇಬ್ಬರೂ ಒಂದೇ ಬೇಲಿಗೆ ಬಟ್ಟೆ ಒಣಹಾಕಿದವರು. ಸ್ತಾನಾಳ ಮಗ ವೆಲ್ಕೊ ಶೆಫಿಕಾಳ ಅಡುಗೆಮನೆಯಲ್ಲೇ ಬೆಳೆದ ಹಾಗೆ. ತಾಯಿ ಮಾತಿಗೆ ಕೂತರೆ ಅವನು ಮೇಜಿನ ಕೆಳಗಿನಿಂದ ಬಟ್ಟಲು ಎಣಿಸಿ, "ಅಮ್ಮ, ಮೂರಾಯ್ತು, ಏಳು" ಎನ್ನುತ್ತಿದ್ದ. ರಾಗಿಬನನ್ನು ಕರೆದೊಯ್ದ ಜೀಪನ್ನು ನಡೆಸುತ್ತಿದ್ದವನು ಅದೇ ವೆಲ್ಕೊ, ಹತ್ತೊಂಬತ್ತರ ಹುಡುಗ, ದೊಗಳೆ ಸಮವಸ್ತ್ರದಲ್ಲಿ. ಶೆಫಿಕಾ ಕಿಟಕಿಯಿಂದ ನೋಡಿದ್ದಳು. ಈಗ ಅವನು ಸರ್ಬಿಯಾದಲ್ಲೆಲ್ಲೋ ಕೆಲಸಕ್ಕಿದ್ದಾನೆಂದು ಸುದ್ದಿ. ಸ್ತಾನಾಳ ಕಿಟಕಿಯ ಪರದೆ ಮಾತ್ರ ದಿನಕ್ಕೆ ಹತ್ತು ಸಲ ಅಲ್ಲಾಡುತ್ತಿತ್ತು.

ಕಾವಲಿಗೆ ಗೊಯ್ಕೊ ಎಂಬ ಪೊಲೀಸಿನವನಿದ್ದ. ಮೂಲೆಯಲ್ಲಿ ಕಾರು ನಿಲ್ಲಿಸಿಕೊಂಡು ಸೂರ್ಯಕಾಂತಿ ಬೀಜ ಸುಲಿಯುತ್ತಾ ಕೂರುತ್ತಿದ್ದ. ಶೆಫಿಕಾ ಬಾಗಿಲ ಹೊರಗೆ ಗಂಡಸಿನ ದೊಡ್ಡ ರಬ್ಬರ್ ಬೂಟುಗಳನ್ನು ಇಟ್ಟಿದ್ದಳು, ಒಳಗೆ ಗಂಡಸಿದ್ದಾನೆಂದು ಕಾಣಲಿ ಎಂದು. ಜನವರಿಯಲ್ಲಿ ಒಂದು ದಿನ ಗೊಯ್ಕೊ ಬಂದು ಅವನ್ನು ನೋಡಿ ತಲೆಯಾಡಿಸಿದ.

"ಅಮ್ಮಾ, ಈ ಬೂಟು ಮೂರು ತಿಂಗಳಿಂದ ಒಂದೇ ಕಡೆ ಮುಖ ಮಾಡಿ ನಿಂತಿವೆ. ಎಂಥ ಪೆದ್ದನಿಗೂ ಗೊತ್ತಾಗುತ್ತೆ. ದಿನಾ ಒಂಚೂರು ತಿರುಗಿಸಿಡಿ."

ಅವಳು ಅವತ್ತಿನಿಂದ ದಿನಾ ತಿರುಗಿಸಿಟ್ಟಳು. ಜೊತೆಗೆ, ತೊಂಬತ್ತೆರಡರಲ್ಲಿ ಇವನು ಎಲ್ಲಿದ್ದನೋ ಎಂದೂ ಯೋಚಿಸಿದಳು. ಕಾಯುವವನನ್ನು ಕಂಡೇ ಹೆದರಬೇಕಾದದ್ದು ಎಂಥ ಬಾಳು ಹೇಳಿ.

ಮೇ ಬಂತು. ಪಂಪೂ ಬಂತು, ನೀಲಿ ಬಣ್ಣದ್ದು, ಲಾರಿಯ ಮೇಲೆ ಹೊದಿಕೆ ಹೊದ್ದುಕೊಂಡು. ವಾದ್ಯದವರು ಬಂದರು, ಮೇಯರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಭಾಷಣ ಮಾಡಿದ. ಶೆಫಿಕಾಳ ಕೈಯಿಂದಲೇ ನಲ್ಲಿ ತಿರುಗಿಸಿದರು. ನೀರು ಮೊದಲು ಕೆಂಪಗೆ ಕಾರಿ, ಆಮೇಲೆ ತಿಳಿಯಾಗಿ ಬಂತು. ಜನ ಚಪ್ಪಾಳೆ ತಟ್ಟಿದರು, ಕೆಲವರು ಅತ್ತರು. ಬಿರ್ಗಿಟ್ ಅವಳನ್ನು ತಬ್ಬಿಕೊಂಡು, ತನಗೆ ಬೇರೆ ಊರಿಗೆ ವರ್ಗವಾಗಿದೆ ಎಂದು ಹೇಳಿಸಿದಳು. ಶೆಫಿಕಾ ಅವಳ ತೋಳು ಬಿಡಲಿಲ್ಲ, ದುಭಾಷಿ ಹುಡುಗಿಯೇ ಮೆಲ್ಲಗೆ ಬಿಡಿಸಬೇಕಾಯಿತು.

ಮಾರನೆಯ ಬೆಳಿಗ್ಗೆ ಮೂಲೆಯಲ್ಲಿ ಕಾರು ಇರಲಿಲ್ಲ. ನೆಲದ ಮೇಲೆ ಬೀಜದ ಸಿಪ್ಪೆ ಮಾತ್ರ ಬಿದ್ದಿತ್ತು. ಅವಳು ಬಾಗಿಲಿಗೆ ಅಗುಳಿ ಹಾಕಿ, ಅದಕ್ಕೆ ಕುರ್ಚಿ ಆನಿಸಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ರಸ್ತೆಯಲ್ಲಿ ಒಂದು ಗಾಡಿ ನಿಧಾನವಾದರೆ ಎದ್ದು ಕುರ್ಚಿಯನ್ನು ಇನ್ನಷ್ಟು ಒತ್ತುತ್ತಿದ್ದಳು. ಹಾಗೆ ಎರಡು ದಿನ ಕಳೆದವು. ಎರಡು ದಿನ ಅವಳು ಬ್ರೆಡ್ಡಿಗೂ ಹೋಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಎರಡೂವರೆಗೆ ಯಾರೋ ಬಾಗಿಲು ತಟ್ಟಿದರು.

"ಯಾರು?"

"ನಾನು, ಶೆಫಿಕಾ ಚಿಕ್ಕಮ್ಮ. ವೆಲ್ಕೊ."

ಬಂತು, ನಾನು ಕಾದಿದ್ದು ಇದೇ ಎಂದುಕೊಂಡಳು. ತೆಗೆಯದೆ ಇದ್ದರೆ ಒದ್ದು ಒಳಗೆ ಬರುತ್ತಾನೆ, ತೆಗೆದರೆ ನಡೆದು ಬರುತ್ತಾನೆ, ಅಷ್ಟೇ ವ್ಯತ್ಯಾಸ. ಕುರ್ಚಿ ಸರಿಸಿ ಬಾಗಿಲು ತೆಗೆದಳು. ಅಗಲ ಭುಜದ ಗಂಡಸಾಗಿಬಿಟ್ಟಿದ್ದ ಅವನು. ಮುಂದಲೆಯ ಕೂದಲು ಉದುರಿತ್ತು. ಹೊಸ್ತಿಲಲ್ಲಿ ನಿಂತು ಆ ರಬ್ಬರ್ ಬೂಟುಗಳನ್ನು ನೋಡಿ, ತನ್ನ ಬೂಟನ್ನೂ ಬಿಚ್ಚಿ ಪಕ್ಕದಲ್ಲಿಟ್ಟು ಒಳಗೆ ಬಂದ.

ಮನೆಗೆ ಬಂದವನಿಗೆ ಕಾಫಿ ಕೊಡಬೇಕು. ಕೊಲ್ಲಲು ಬಂದವನಿಗೂ ಕೊಡಬೇಕೇನೋ, ಶೆಫಿಕಾಳ ತಾಯಿ ಅದನ್ನು ಹೇಳಿಕೊಟ್ಟಿರಲಿಲ್ಲ. ಅವಳು ಒಲೆಯ ಮೇಲೆ ತಾಮ್ರದ ಪಾತ್ರೆ ಇಟ್ಟಳು. ಅವನಿಗೆ ಬೆನ್ನು ತೋರಿಸಲು ಭಯ, ಅಡ್ಡಡ್ಡ ನಿಂತೇ ಕಾಯಿಸಿದಳು. ಮೊದಲ ಬಟ್ಟಲು ಕೊಟ್ಟಳು. ಅವನು ಎರಡೂ ಕೈಯಿಂದ ತೆಗೆದುಕೊಂಡ.

"ಮೊಣಕಾಲು ಹೇಗಿದೆ ಚಿಕ್ಕಮ್ಮ?"

"ಇದೆ."

"ನೀರು ಬಂತಂತೆ."

"ಬಂತು."

ಅವನು ಮೇಜನ್ನು ನೋಡಿದ, ಚಾವಣಿ ನೋಡಿದ, ಅವಳ ಮುಖ ಬಿಟ್ಟು ಉಳಿದದ್ದೆಲ್ಲ ನೋಡಿದ. ಬಟ್ಟಲು ಬರಿದಾಗಿದ್ದೇ ತಡ ಅವಳು ಎರಡನೆಯದನ್ನು ಸುರಿದಳು. ಅವನ ಜಾಕೆಟ್ಟಿನ ಬಲಜೇಬು ಉಬ್ಬಿತ್ತು. ಅವಳು ಅಲ್ಲಿಂದ ಕಣ್ಣು ಕೀಳಲಿಲ್ಲ.

"ಚಿಕ್ಕಮ್ಮ, ನಾನು ಆವತ್ತು..." ಎಂದು ಶುರುಮಾಡಿ ನಿಲ್ಲಿಸಿದ. "ಆ ಜೀಪು..." ಎಂದು ಮತ್ತೆ ನಿಲ್ಲಿಸಿದ. ಕೈ ಜೇಬಿನ ಕಡೆಗೆ ಹೋಯಿತು.

ಅಷ್ಟು ಸಾಕಾಯಿತು. ಇವನು ಹೋಗಲಿ, ಏನೂ ಹೇಳುವುದು ಬೇಡ, ಹೋದರೆ ಸಾಕು ಎಂದು ಅವಳ ಮೈಯೆಲ್ಲ ಕೂಗಿತು. ತಿರುಗಿ ಮೂರನೆಯ ಸಲ ಕಾಫಿ ಕಾಯಿಸಿದಳು, ನೊರೆ ಬರುವವರೆಗೂ ಕಾಯಲಿಲ್ಲ. ಅವನ ಮುಂದಿಟ್ಟಳು.

ವೆಲ್ಕೊ ಬಟ್ಟಲನ್ನು ನೋಡಿದ. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. ಆ ಜೇಬಿನಲ್ಲಿ ಇದ್ದದ್ದು ಅದೇ. ಕಾಫಿಯನ್ನು ನಿಂತೇ ಒಂದು ಗುಟುಕಿಗೆ ಕುಡಿದು, "ಸರಿ ಚಿಕ್ಕಮ್ಮ, ನಿಮ್ಮ ಮನೆ ತಣ್ಣಗಿರಲಿ" ಎಂದು ಬೂಟು ಹಾಕಿಕೊಂಡು ಹೊರಟುಹೋದ. ಅವಳು ಅಗುಳಿ ಹಾಕಿ ನೆಲದ ಮೇಲೆ ಕುಸಿದಳು. ಬದುಕಿದೆ ಎಂದು ಬಾಯಿಬಿಟ್ಟೇ ಹೇಳಿಕೊಂಡಳು.

ಮೂರೂವರೆಗೆ ಬಾಗಿಲಲ್ಲ, ಅಡುಗೆಮನೆಯ ಕಿಟಕಿ ತಟ್ಟಿದ ಸದ್ದು. ಏಳು ತಿಂಗಳಲ್ಲಿ ಮೊದಲ ಸಲ ಸ್ತಾನಾ ಬೇಲಿ ದಾಟಿ ಬಂದಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ಹೇಳಿದನೇನೇ?" ಎಂದಳು.

"ಏನು ಹೇಳೋದು?"

"ಜಾಗ ಕಣೇ. ನಿನ್ನ ರಾಗಿಬನದು. ಅದನ್ನ ಹೇಳೋಕೇ ಅಲ್ವಾ ಅಲ್ಲಿಂದ ಬಂದದ್ದು ಅವನು."

ಶೆಫಿಕಾ ಮೇಜಿನ ಮೇಲಿನ ಬರಿದಾದ ಬಟ್ಟಲನ್ನು ನೋಡಿದಳು.

"ಕಳೆದ ವರ್ಷವೇ ಹೇಳ್ತೀನಿ ಅಂತ ಕೂತಿದ್ದ. ನಾನೇ ತಡೆದೆ. ಪಂಪು ಬಂದುಬಿಡಲಿ ಮಗಾ ಅಂದೆ. ಈಗ ಎಲುಬು ಸಿಕ್ಕಿದ್ರೆ ಹೊರದೇಶದವರು ಮತ್ತೆ ಪಟ್ಟಿಗೆ ಹಾಕ್ತಾರೆ, ನಮ್ಮನೆಯಿಂದ ಊರಿನ ನೀರು ನಿಂತು ಹೋಯ್ತು ಅಂತ ಜನ ನಮ್ಮನ್ನ ಬಾಳೋಕೆ ಬಿಡಲ್ಲ ಅಂದೆ." ಸ್ತಾನಾ ಸೆರಗಿನಂತೆ ಇಳಿಬಿದ್ದ ತಲೆಬಟ್ಟೆಯ ತುದಿಯಿಂದ ಮೂಗು ಒರೆಸಿಕೊಂಡಳು. "ನಂಗೂ ಆ ಜಾಗ ಹೇಳಿಲ್ಲ. ನಿನಗೇ ಹೇಳಬೇಕಂತೆ, ನಿನ್ನ ಮುಖ ನೋಡೇ ಹೇಳಬೇಕಂತೆ. ಈಗ ಬಂದು, ಚಿಕ್ಕಮ್ಮ ಮೂರನೆಯದು ಇಟ್ಟುಬಿಟ್ಲು, ಅವಳಿಗೆ ಕೇಳೋದು ಬೇಡವಂತೆ ಅಮ್ಮ ಅಂದ. ಚೀಲ ತಗೊಂಡು ಹೋದ. ನಾಲ್ಕರ ಬಸ್ಸಿಗೆ ಸರ್ಬಿಯಾದ ನೊವಿ ಸಾದ್‌ಗೆ ಹೋಗ್ತಾನೆ. ಇನ್ನು ಬರಲ್ಲ ಕಣೇ, ನನ್ನ ಮಗನ್ನ ನಾ ಬಲ್ಲೆ."

ಎಂಟು ವರ್ಷ ಕಾದ ಮಾತು ಮನೆಯೊಳಗೆ ಬಂದು, ಮೇಜಿನ ಮುಂದೆ ಕೂತು, ಗಂಟಲವರೆಗೆ ಬಂದಿತ್ತು. ತಾನೇ ಕೈಯಾರೆ ಕಾಫಿ ಕೊಟ್ಟು ಅದನ್ನು ಹೊರಗೆ ಕಳಿಸಿದ್ದಳು. ಶೆಫಿಕಾ ಬಾಗಿಲು ತೆಗೆದು ಹಾಗೆಯೇ ಹೊರಟಳು, ಕೈಯಲ್ಲಿ ಮಸಿಬಟ್ಟೆ. ಬಾಗಿಲು ಹಾಕಿದಳೋ ಇಲ್ಲವೋ ನೋಡಲಿಲ್ಲ.

ಬಸ್ ನಿಲ್ದಾಣಕ್ಕೆ ಎರಡು ದಾರಿ. ಏಳು ತಿಂಗಳಿಂದ ಅವಳು ಪೇಟೆಗೆ ಹೋದಾಗಲೆಲ್ಲ ಹೊಳೆಯ ಕಡೆಯಿಂದ ಸುತ್ತಿಕೊಂಡೇ ಹೋಗುತ್ತಿದ್ದಳು, ಪೇಟೆಬೀದಿಯ ಆ ಬಾರಿನ ಮುಂದೆ ಹಾದುಹೋಗಬಾರದೆಂದು. ಅಲ್ಲಿ ಹಗಲಿಡೀ ಕೂರುವ ಗಂಡಸರು ತೊಂಬತ್ತೆರಡರ ಬಂದೂಕಿನವರೇ ಎಂದು ಇಡೀ ಊರಿಗೆ ಗೊತ್ತು. ಸುತ್ತಿಕೊಂಡು ಹೋದರೆ ಬಸ್ಸು ಸಿಗುವುದಿಲ್ಲ. ಅವಳು ಬಾರಿನ ಮುಂದೆಯೇ ನಡೆದಳು. ಮಾತು ನಿಂತಿತು, ಒಬ್ಬ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಹೆದರಿಕೆಯೇನೂ ಹೋಗಿರಲಿಲ್ಲ. ಹಿಂದಿನಿಂದ ಹೆಜ್ಜೆ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ.

ಬಸ್ಸಿನ ಎಂಜಿನ್ನು ಶುರುವಾಗಿತ್ತು. ಅವಳು ಮುಂಬಾಗಿಲ ಕಂಬಿ ಹಿಡಿದು ಮೈಯನ್ನು ಎಳೆದುಕೊಂಡು ಹತ್ತಿದಳು. ಮುಂದಿನ ಸೀಟಿನಲ್ಲಿ ನೀರಿನ ಸಾಲಿನ ಆ ದಪ್ಪ ಹೆಂಗಸು ಬುಟ್ಟಿ ಹಿಡಿದು ಕೂತಿದ್ದಳು. ವೆಲ್ಕೊ ಹಿಂದಿನಿಂದ ಎರಡನೇ ಸೀಟಿನಲ್ಲಿದ್ದ. ಶೆಫಿಕಾಳನ್ನು ಕಂಡು ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಇವನೂ ನನ್ನಷ್ಟೇ ಹೆದರಿದ್ದಾನೆ ಎಂದು ಅವಳಿಗೆ ಆಗ ಗೊತ್ತಾಯಿತು.

"ವೆಲ್ಕೊ," ಎಂದಳು. ಇಡೀ ಬಸ್ಸಿಗೆ ಕೇಳಿಸಿತು. "ಆ ಮೂರನೆಯದು ಹೆದರಿ ಇಟ್ಟದ್ದು. ಅದು ಲೆಕ್ಕಕ್ಕಿಲ್ಲ. ಏಳು, ಮನೆಗೆ ನಡಿ. ಮೊದಲಿಂದ ಕುಡಿಯುವಂತೆ."

ಮುಂದಿನ ಸೀಟಿನ ಹೆಂಗಸಿಗೆ ಎಲ್ಲ ಅರ್ಥವಾಗಿರಬೇಕು. "ಈಗ ತಾನೇ ನೀರು ಬಂದಿದೆ," ಎಂದು ಯಾರನ್ನೂ ನೋಡದೆ ಗೊಣಗಿದಳು. "ನಾಲ್ಕು ದಿನ ಆದ್ರೂ ಕುಡಿಯೋಕೆ ಬಿಡ್ರಪ್ಪ."

"ಅಜ್ಜಿ, ಬರ್ತೀರೋ ಇಳೀತೀರೋ?" ಎಂದ ಡ್ರೈವರು. "ಗಾಡಿ ಬಿಡಬೇಕು ನಾನು."

ಶೆಫಿಕಾ ಇಳಿಯಲೂ ಇಲ್ಲ, ಕೂರಲೂ ಇಲ್ಲ. ಬಾಗಿಲ ಹೊರಗೆ ಬಾರಿನಿಂದ ಬಂದವನು ನಿಂತಿದ್ದ. ವೆಲ್ಕೊ ಅವನನ್ನು ನೋಡಿದ, ಬುಟ್ಟಿಯ ಹೆಂಗಸನ್ನು ನೋಡಿದ, ಕೊನೆಗೆ ಶೆಫಿಕಾಳ ಮುಖ ನೋಡಿದ.

"ಎಷ್ಟು ಕಾಫಿ, ಚಿಕ್ಕಮ್ಮ?" ಎಂದು ಮೆಲ್ಲಗೆ ಕೇಳಿದ.

"ಎರಡೇ," ಎಂದಳು ಅವಳು. "ನೀನು ಹೇಳಿ ಮುಗಿಸೋವರೆಗೂ ಎರಡೇ."

ವೆಲ್ಕೊ ಎದ್ದು ನಿಂತು ಮೇಲಿನಿಂದ ಚೀಲ ಇಳಿಸಿಕೊಂಡ.